ಯಾತ್ರೆಯ ವೇಗ ಯಾರದಾಗಬೇಕು?

ಜಾರ್ಖಂಡಿನ ಸಮ್ಮೇದ ಶಿಖರ್ಜಿ ಇಪ್ಪತ್ತು ತೀರ್ಥಂಕರರ ನಿರ್ವಾಣಭೂಮಿ. ಮಧುಬನದಿಂದ ಬೆಟ್ಟವೇರಲು ಸುಮಾರು 9 ಕಿ.ಮೀ., ಮೇಲೆ ಟೋಂಕುಗಳ ವಂದನೆಗೆ 9, ಇಳಿಯಲು 9. ಒಟ್ಟು 27 ಕಿ.ಮೀ. ಆದುದರಿಂದ ಅನೇಕ ಯಾತ್ರಾಸಂಘಗಳು ರಾತ್ರಿ ಎರಡು ಮೂರು ಗಂಟೆಗೇ ಹೊರಡುತ್ತವೆ.

ಹಲವು ವರ್ಷಗಳ ಹಿಂದೆ ಅಂಥದೊಂದು ಸಂಘದ ವ್ಯವಸ್ಥೆ ನನ್ನದಾಗಿತ್ತು. ಸಂಜೆಯೇ ಬಸ್ಸು ಹೊರಡಬೇಕಿದ್ದುದರಿಂದ ಎರಡು ಗಂಟೆಗೆ ಎಲ್ಲರನ್ನೂ ಎಬ್ಬಿಸಿ, ಕತ್ತಲಲ್ಲಿ ಅವಸರಪಡಿಸಿ ನಡೆಸಿದೆ. ವೃದ್ಧ ಮಾತೆಯೊಬ್ಬರು ಅರ್ಧದಾರಿಯಲ್ಲಿ ಕುಳಿತು, "ನನ್ನಿಂದ ನಿಮಗೆಲ್ಲ ತಡವಾಯಿತು, ಕ್ಷಮಿಸಪ್ಪಾ" ಎಂದು ಹಿಂದಿರುಗಿದರು. ಕ್ಷಮೆ ಕೇಳಬೇಕಾದವನು ನಾನಾಗಿದ್ದೆ.

ಹಗಲಿನ ಬೆಳಕಿನಲ್ಲಿ, ತನ್ನ ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಜೀವಬಾಧೆಯಾಗದಂತೆ ನಡೆಯುವುದು ಮುನಿಗಳ ಈರ್ಯಾಸಮಿತಿ. ಶ್ರಾವಕರಿಗೆ ಅಷ್ಟು ಕಟ್ಟುನಿಟ್ಟಿಲ್ಲವಾದರೂ ಆದರ್ಶ ಅದೇ. ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಗುರುತಿಸುತ್ತದೆ. ಅವಸರವೂ ಪ್ರಮಾದವಲ್ಲವೇ? ಅದು ಕಾಲಡಿಯ ಇರುವೆಯನ್ನೂ ಕಾಣದು, ಹಿಂದುಳಿದ ಸಹಯಾತ್ರಿಯನ್ನೂ ಕಾಣದು.

ಬಿಸಿಲೇರುವ ಮುನ್ನ ಹತ್ತಬೇಕು, ಸೂರ್ಯಾಸ್ತದೊಳಗೆ ಊಟ ಮುಗಿಯಬೇಕು ಎಂಬ ವಾದ ಸರಿಯೇ. ಆದರೆ ಅಂದು ನಮ್ಮನ್ನು ಅಟ್ಟಿದ್ದು ಸೂರ್ಯನಲ್ಲ. ಮರುದಿನದ ಪಟ್ಟಿಗೆ ನಾನು ಸೇರಿಸಿದ್ದ ಇನ್ನೊಂದು ಕ್ಷೇತ್ರ. ಜಮಾದಲ್ಲಿ ಒಂದು ಕ್ಷೇತ್ರ ಹೆಚ್ಚಿತು, ಖರ್ಚಿನಲ್ಲಿ ಒಬ್ಬರ ಜೀವಮಾನದ ವಂದನೆ ಹೋಯಿತು. ವ್ಯಾಪಾರಿಯಾದ ನನಗೆ ಈ ನಷ್ಟ ಅಂದೇ ತಿಳಿಯಬೇಕಿತ್ತು.

ಟ್ರಸ್ಟಿನ ಹಿರಿಯರಲ್ಲಿ ವಿನಂತಿ: ಶಿಖರ್ಜಿಗೆ ಪೂರ್ಣ ಒಂದು ದಿನವನ್ನು ಮೀಸಲಿಡಿರಿ. ಬೆಳಕು ಮೂಡಿದ ಮೇಲೆ ಹೊರಡಿರಿ. ಅಶಕ್ತರಿಗೆ ಹಿಂದಿನ ದಿನವೇ ಡೋಲಿ ಗೊತ್ತುಮಾಡಿರಿ. ಸಂಘದ ವೇಗವನ್ನು ಕಟ್ಟಕಡೆಯವರ ಹೆಜ್ಜೆ ನಿರ್ಧರಿಸಲಿ.