ಹೊಗೆಯ ಋಣ

ನಮ್ಮ ತರ್ಕಶಾಸ್ತ್ರವನ್ನು ಓದಲಾರಂಭಿಸುವ ವಿದ್ಯಾರ್ಥಿಗೆ ಮೊದಮೊದಲು ದೊರೆಯುವ ದೃಷ್ಟಾಂತಗಳಲ್ಲಿ ಹೊಗೆಯದೇ ಮುಖ್ಯವಾದದ್ದು. ಬೆಟ್ಟದ ಮೇಲೆ ಹೊಗೆ ಕಾಣುತ್ತದೆ; ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡಿಗೆಮನೆಯಲ್ಲಿದ್ದಂತೆ; ಆದುದರಿಂದ ಬೆಟ್ಟದ ಮೇಲೆ ಬೆಂಕಿಯಿದೆ. ನೈಯಾಯಿಕರು ಶತಮಾನಗಳವರೆಗೆ ಈ ಹೊಗೆಯನ್ನು ಹಿಡಿದು ಬೆಂಕಿಯವರೆಗೆ ಹೋದರು. ಆದರೆ ಆ ಹೊಗೆಯು ಬೆಟ್ಟವನ್ನು ಬಿಟ್ಟ ಬಳಿಕ ಎಲ್ಲಿಗೆ ಹೋಯಿತು, ಯಾರ ಉಸಿರಿನೊಳಗೆ ಹೊಕ್ಕಿತು ಎಂಬ ಪ್ರಶ್ನವನ್ನು ಆ ದೃಷ್ಟಾಂತವು ಕೇಳುವದಿಲ್ಲ. ಅದು ತರ್ಕದ ಕೆಲಸವೂ ಅಲ್ಲ. ಹೊಗೆಯಿಂದ ಬೆಂಕಿಗೆ ಹೋಗುವದು ತರ್ಕ. ಬೆಂಕಿಯಿಂದ ಹೊರಟು ಹೊಗೆಯನ್ನು ಅದು ಮುಟ್ಟಿದಲ್ಲಿಯವರೆಗೆ ಹಿಂಬಾಲಿಸುವದು ಧರ್ಮ. ಈ ಎರಡನೆಯ ದಾರಿಯನ್ನು ನಾವು ಎಷ್ಟು ದೂರ ನಡೆಯತಕ್ಕದ್ದು ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಈ ಪ್ರಶ್ನವು ನನಗೆ ಗ್ರಂಥದಿಂದ ಬಂದುದಲ್ಲ. ಅಂಕೋಲೆಯ ನಮ್ಮ ಮನೆಯಲ್ಲಿ, ಈ ಸೀಮೆಯ ಹಲವು ಮನೆಗಳಲ್ಲಿರುವಂತೆ, ಚಳಿಗಾಲದ ಬೆಳಗು ಬಚ್ಚಲೊಲೆಯಿಂದ ಆರಂಭವಾಗುತ್ತಿತ್ತು. ತೆಂಗಿನ ಸೋಗೆ, ಸಿಪ್ಪೆ, ಕರಟಗಳು ಒಲೆಗೆ. ಅಂಗಳದಲ್ಲಿ ಗುಡಿಸಿದ ತರಗೆಲೆಗಳಿಗೆ ಬೇರೊಂದು ಬೆಂಕಿ. ಅದರೊಡನೆ ಮನೆಯ ಕಾಗದ, ಪ್ಲಾಸ್ಟಿಕು ಚೀಲಗಳೂ ಸುಟ್ಟುಹೋಗುತ್ತಿದ್ದವು. ಮನೆ ಚೊಕ್ಕಟವಾಯಿತೆಂದು ನಾನು ಸಂತೋಷಪಡುತ್ತಿದ್ದೆನು. ಒಂದು ದಿನ ಮೀನು ಮಾರಲು ಬರುವ ವೃದ್ಧೆಯೊಬ್ಬಳು ಬುಟ್ಟಿಯನ್ನು ಇಳಿಸಿ, ಸಿಟ್ಟಿಲ್ಲದೆ, ನಗುತ್ತಲೇ ಅಂದಳು: “ತಮಾ, ಬೆಂಕಿ ನಿಮಗೆ, ಹೊಗೆ ನಮಗೆ.” ಅವಳ ಕೇರಿಯು ನಮ್ಮ ಮನೆಗೂ ಕಡಲಿಗೂ ನಡುವೆ ಇದೆ. ಅವಳ ಮೊಮ್ಮಗನಿಗೆ ಉಬ್ಬಸವುಂಟೆಂದು ಆಮೇಲೆ ತಿಳಿಯಿತು. ಅವಳು ನ್ಯಾಯವನ್ನು ಕೇಳಿರಲಿಲ್ಲ, ಇದ್ದುದನ್ನು ಹೇಳಿದ್ದಳು. ಅದಕ್ಕಾಗಿಯೇ ಆ ಮಾತು ನನ್ನನ್ನು ಬಿಡಲಿಲ್ಲ.

ಅವಳ ಮಾತಿನಲ್ಲಿ ಶಾಸ್ತ್ರವೂ ಇತ್ತು. ರಾತ್ರಿಯಲ್ಲಿ ನೆಲವು ಕಡಲಿಗಿಂತ ಬೇಗನೆ ತಣಿಯುವದರಿಂದ ಬೆಳಗಿನ ಗಾಳಿಯು ಘಟ್ಟದ ಕಡೆಯಿಂದ ಕಡಲಿಗೆ ಇಳಿಯುತ್ತದೆ. ಬಿಸಿಲೇರಿದ ಮೇಲೆ ಕಡಲಿನಿಂದ ನೆಲಕ್ಕೆ ತಿರುಗುತ್ತದೆ. ಚಳಿಗಾಲದ ಮುಂಜಾವದಲ್ಲಿ ನೆಲದ ಬಳಿಯ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿಯು ಮುಚ್ಚಳದಂತೆ ಕೂಡ್ರುವದುಂಟು. ಆಗ ಹೊಗೆಯು ಮೇಲೇರಲಾರದೆ ತಗ್ಗಿನಲ್ಲಿಯೇ ಹರಿಯುತ್ತದೆ. ಈ ಹೊಗೆಯಲ್ಲಿ ಕಣ್ಣಿಗೆ ಕಾಣುವದಕ್ಕಿಂತ ಕಾಣದಿರುವದೇ ಹೆಚ್ಚು ಕೇಡು. ಮಿಲಿಮೀಟರಿನ ಸಾವಿರದಲ್ಲೊಂದು ಪಾಲನ್ನು ಮೈಕ್ರೋಮೀಟರೆನ್ನುವರು. ಎರಡೂವರೆ ಮೈಕ್ರೋಮೀಟರಿಗಿಂತ ಕಿರಿದಾದ ಕಣವು ತಲೆಗೂದಲಿನ ದಪ್ಪದ ಸುಮಾರು ಇಪ್ಪತ್ತೈದರಲ್ಲೊಂದು ಪಾಲಿನಷ್ಟೂ ಇರುವದಿಲ್ಲ. ದೊಡ್ಡ ಧೂಳಿಯನ್ನು ಮೂಗು ಗಂಟಲುಗಳು ತಡೆಯುತ್ತವೆ. ಈ ಕಣಗಳು ಶ್ವಾಸಕೋಶದ ತುದಿಗೆ ಇಳಿಯುತ್ತವೆ. ಅತಿ ಕಿರಿಯವು ರಕ್ತವನ್ನೂ ಸೇರುತ್ತವೆ. ಉಬ್ಬಸವಲ್ಲದೆ ಹೃದ್ರೋಗಕ್ಕೂ ಪಾರ್ಶ್ವವಾಯುವಿಗೂ ಇವು ಕಾರಣವಾಗುವವೆಂಬುದು ಈಗ ಸಿದ್ಧವಾಗಿದೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದಸಂಶೋಧನಾ ಮಂಡಲವು ಹೊರಗಿನ ಗಾಳಿಯ ಮಾಲಿನ್ಯವನ್ನು ಅರ್ಬುದಕಾರಕಗಳ ಮೊದಲ ವರ್ಗದಲ್ಲಿ ಸೇರಿಸಿತು.

ಕೂಡಲೆ ನೆಲಕ್ಕೆ ಬೀಳದಿರುವದೇ ಈ ಕಣಗಳ ಇನ್ನೊಂದು ಗುಣ. ಮಳೆಯು ತೊಳೆಯದಿದ್ದರೆ ಇವು ದಿನಗಟ್ಟಲೆ ತೇಲುತ್ತ ನೂರಾರು ಮೈಲು ಹೋಗುವವು. ಅಷ್ಟೇ ಅಲ್ಲ, ಕಲ್ಲಿದ್ದಲಿನಿಂದಲೂ ವಾಹನಗಳಿಂದಲೂ ಹೊರಟ ಅನಿಲಗಳು ದಾರಿಯಲ್ಲಿಯೇ ಹೊಸ ಕಣಗಳಾಗಿ ಮಾರ್ಪಡುತ್ತವೆ. ಆದುದರಿಂದ ಪಟ್ಟಣದ ಮಾಲಿನ್ಯದ ಒಂದು ಪಾಲು ಪಟ್ಟಣವನ್ನು ದಾಟಿದ ಮೇಲೆಯೇ ಹುಟ್ಟುತ್ತದೆ. 1999ರ ಚಳಿಗಾಲದಲ್ಲಿ ಹಲವು ದೇಶಗಳ ವಿಜ್ಞಾನಿಗಳು ಮಾಲದೀವದ ಸುತ್ತ ಪರೀಕ್ಷೆಮಾಡಿ, ಭೂಖಂಡದ ಹೊಗೆಯು ಈಶಾನ್ಯದ ಗಾಳಿಯೊಡನೆ ಹಿಂದೂ ಮಹಾಸಾಗರದ ಮೇಲೆ ದಟ್ಟವಾದ ಮಬ್ಬಾಗಿ ಹರಡಿರುವದನ್ನು ಕಂಡರು. ಕಡಲ ನಡುವಿನ ದ್ವೀಪದವನು ನಮ್ಮ ಒಲೆಯನ್ನು ನೋಡಿಲ್ಲ, ನಾವು ಅವನನ್ನು ನೋಡಿಲ್ಲ. ಆದರೂ ನಮ್ಮ ನಡುವೆ ಕೊಡುಕೊಳೆ ನಡೆದಿದೆ.

ಕಣ್ಣನ್ನು ನಂಬುವದರಿಂದ ನಾವು ಹೇಗೆ ಮೋಸಹೋಗುವೆವೆಂಬುದಕ್ಕೆ ನಮ್ಮ ಜಿಲ್ಹೆಯದೇ ಉದಾಹರಣೆಯಿದೆ. ಈ ಶತಮಾನದ ಮೊದಲ ದಶಕದಲ್ಲಿ ಸಂಡೂರು, ಹೊಸಪೇಟೆಗಳ ಕಬ್ಬಿಣದ ಅದಿರು ಹುಬ್ಬಳ್ಳಿ, ಯಲ್ಲಾಪುರಗಳ ಮೇಲಿಂದ ಅರಬೈಲು ಘಟ್ಟವನ್ನಿಳಿದು ಬೇಲೆಕೇರಿ, ಕಾರವಾರ ಬಂದರಗಳಿಗೆ ಲಾರಿಗಳ ಸಾಲಿನಲ್ಲಿ ಬಂದು ಮುಖ್ಯವಾಗಿ ಚೀನಾ ದೇಶಕ್ಕೆ ಹೋಯಿತು. ದಾರಿಯ ಬದಿಯ ಮರಗಳೂ ಮನೆಗಳ ಹಂಚುಗಳೂ ಕೆಂಪಾದವು. 2010ರ ಮಾರ್ಚಿಯಲ್ಲಿ ಅರಣ್ಯ ಇಲಾಖೆಯು ಬೇಲೆಕೇರಿಯಲ್ಲಿ ಸುಮಾರು 8 ಲಕ್ಷ ಟನ್ ಅದಿರನ್ನು ಜಪ್ತಿಮಾಡಿತು. ಅದರಲ್ಲಿ ದೊಡ್ಡ ಪಾಲು ಹಡಗೇರಿ ಹೋದುದು ಆಮೇಲೆ ಬಯಲಿಗೆ ಬಂತು. ಅದೇ ವರುಷದ ಜುಲೈಯಲ್ಲಿ ರಾಜ್ಯ ಸರಕಾರವು ಅದಿರಿನ ರಫ್ತನ್ನು ನಿಷೇಧಿಸಿತು; 2011ರಲ್ಲಿ ಸುಪ್ರೀಮ್ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಹಿಡಿಯಿತು. ಎರಡು ಮಳೆಗಾಲಗಳಲ್ಲಿ ಎಲೆಗಳು ಹಸುರಾದವು; ಗಾಳಿಯು ಶುದ್ಧವಾಯಿತೆಂದು ನಾವು ಸುಮ್ಮನಾದೆವು. ಆದರೆ ಎಲೆಯ ಮೇಲೆ ಕೂತದ್ದು ಬಹುಮಟ್ಟಿಗೆ ದಪ್ಪ ಧೂಳಿ. ಲಾರಿಗಳ ಡೀಸೆಲ್ ಹೊಗೆಯ ಸೂಕ್ಷ್ಮಕಣಗಳು ಎಲೆಯನ್ನು ಕೆಂಪುಮಾಡಲಿಲ್ಲ. ಅವು ಅಂದು ಕಾಣಲಿಲ್ಲ, ಇಂದೂ ಕಾಣುವದಿಲ್ಲ. ಕಂಡ ಧೂಳಿಗೆ ಕೂಗಿದ ನಾವು ಕಾಣದ ಹೊಗೆಗೆ ಮೌನವಾಗಿರುವದು ಯಾವ ನ್ಯಾಯ?

ಇಲ್ಲಿ ಮನುಷ್ಯನು ಮೂರು ಸಮಾಧಾನಗಳನ್ನು ಹೇಳಿಕೊಳ್ಳುತ್ತಾನೆ. ಮೊದಲನೆಯದು, ನನ್ನ ಪಾಲು ಅತ್ಯಲ್ಪವಾದುದು ಎಂಬುದು. ಒಂದೊಂದು ಲಾರಿಯವನೂ ತನ್ನದು ಒಂದು ಹಿಡಿ ಧೂಳಿಯೆಂದೇ ಹೇಳಬಹುದಾಗಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ; ಆದರೂ ದಾರಿಯೆಲ್ಲ ಕೆಂಪಾಯಿತು. ಅಲ್ಪವಾದ ಪಾಲು ಅಲ್ಪವಾದ ಋಣವೇ ಹೊರತು ಋಣವಿಲ್ಲದಿರುವದಲ್ಲ. ಎರಡನೆಯದು, ಒಯ್ದದ್ದು ಗಾಳಿ, ನಾನಲ್ಲ ಎಂಬುದು. ಗಾಳಿಯ ದಿಕ್ಕನ್ನು ಅರಿಯದವನು ಹಾಗೆನ್ನಬಹುದು. ಕಡಲ ಗಾಳಿ, ಗಟ್ಟದ ಗಾಳಿಗಳ ಹೊತ್ತನ್ನು ಬಾಲ್ಯದಿಂದ ಬಲ್ಲ ನಾವು ಹಾಗೆನ್ನಲಾರೆವು. ಹೊಳೆಗೆ ವಿಷವನ್ನು ಬೆರೆಸಿದವನು ಒಯ್ದದ್ದು ನೀರೆಂದರೆ ಯಾರಾದರೂ ಒಪ್ಪುವರೇ? ಮೂರನೆಯದು, ಉಸಿರಾಡುವವನು ಯಾರೆಂದು ನನಗೆ ಗೊತ್ತಿಲ್ಲ ಎಂಬುದು. ಇದೇ ಎಲ್ಲಕ್ಕಿಂತ ಬಲವಾದುದು. ಏಕೆಂದರೆ ನಮ್ಮ ನೀತಿಯೆಲ್ಲವೂ ಮುಖ ಕಂಡವರ ನಡುವೆ ಬೆಳೆದು ಬಂದುದು. ಮೀನಿನ ಬುಟ್ಟಿಯವಳು ನನ್ನ ಬಾಗಿಲಿಗೆ ಬಾರದಿದ್ದರೆ ನಾನು ಇಂದಿಗೂ ಸುಡುತ್ತಿದ್ದೆನೇನೋ! ಆದರೆ ಋಣವು ಅವಳು ಬಂದಾಗ ಹುಟ್ಟಿದ್ದಲ್ಲ, ಬಂದಾಗ ನನಗೆ ತಿಳಿದದ್ದು. ಬಾಗಿಲಿಗೆ ಬಾರದವರ ಋಣವೂ ಅಷ್ಟೇ ನಿಜವಾದದ್ದು.

ಇದು ಬರಿಯ ಭಾವನೆಯಲ್ಲ. ನ್ಯಾಯಪೀಠವೂ ಇದನ್ನು ಒಪ್ಪಿದ ನಿದರ್ಶನವಿದೆ. ಕೆನಡಾ ದೇಶದ ಟ್ರೇಲ್ ಎಂಬ ಊರಿನಲ್ಲಿ ಸೀಸ, ಸತುವುಗಳನ್ನು ಕರಗಿಸುವ ಕಾರಖಾನೆಯ ಗಂಧಕದ ಹೊಗೆಯು ಅಮೇರಿಕೆಯ ಗಡಿಯನ್ನು ದಾಟಿ ರೈತರ ಬೆಳೆಗಳನ್ನು ಕೆಡಿಸಿತು. 400 ಅಡಿಗಿಂತ ಎತ್ತರದ ಚಿಮಣಿಗಳನ್ನು ಕಟ್ಟಿದರು. ಹೊಗೆಯು ಕಡಿಮೆಯಾಗಲಿಲ್ಲ, ಇನ್ನಷ್ಟು ದೂರ ಹೋಯಿತು. ಎರಡು ರಾಜ್ಯಗಳೂ ಒಪ್ಪಿ ನೇಮಿಸಿದ ಪಂಚಾಯತಿಯು 1941ರಲ್ಲಿ, ಯಾವ ರಾಜ್ಯಕ್ಕೂ ತನ್ನ ನೆಲವನ್ನು ಹೊಗೆಯಿಂದ ನೆರೆಯ ನೆಲಕ್ಕೆ ಭಾರಿಯಾದ ಹಾನಿಯಾಗುವಂತೆ ಬಳಸುವ ಹಕ್ಕಿಲ್ಲವೆಂದು ತೀರ್ಪುಕೊಟ್ಟಿತು. ರಾಜ್ಯಕ್ಕಿಲ್ಲದ ಹಕ್ಕು ನನ್ನ ಅಂಗಳಕ್ಕೆ ಎಲ್ಲಿಂದ ಬಂತು?

ಹಾಗಾದರೆ ಬಡವಳ ಒಲೆಯನ್ನೂ ಲಕ್ಷಾಧೀಶನ ಚಿಮಣಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕೇ? ಕೂಡದು. ಶ್ವಾಸಕೋಶಕ್ಕೆ ಹೊಗೆಯಲ್ಲಿ ಭೇದವಿಲ್ಲ. ಕರ್ತೃವಿನ ಹೊಣೆಯಲ್ಲಿ ಭೇದವಿದೆ. ಅನ್ನಕ್ಕಾಗಿ ಎದ್ದ ಹೊಗೆ ಒಂದು, ಸೌಕರ್ಯಕ್ಕಾಗಿ ಎದ್ದದ್ದು ಇನ್ನೊಂದು, ಲಾಭಕ್ಕಾಗಿ ಎದ್ದದ್ದು ಮತ್ತೊಂದು. ಮೊದಲನೆಯದರಲ್ಲಿ ಬೆಂಕಿಯೂ ಹೊಗೆಯೂ ಒಬ್ಬಳಿಗೇ. ಊದುಗೊಳವೆ ಹಿಡಿದವಳೇ ಕಣ್ಣೊರಸಿಕೊಳ್ಳುವವಳು. ಅವಳಿಗೆ ಉಪದೇಶವಲ್ಲ, ಹೊಗೆಯಿಲ್ಲದ ಒಲೆ ಸಲ್ಲತಕ್ಕದ್ದು. ಬೆಂಕಿಯ ಫಲ ಒಬ್ಬನಿಗೆ, ಹೊಗೆ ಮತ್ತೊಬ್ಬನಿಗೆ ಎಂದಾಗುವದು ಕಡೆಯೆರಡರಲ್ಲಿ. ಈ ಅಂತರವು ಹೆಚ್ಚಿದಷ್ಟೂ ಅನ್ಯಾಯವು ಹೆಚ್ಚು.

ಸರಕಾರದ ಕಟ್ಟಳೆಗಳು ಇಲ್ಲವೆಂದಲ್ಲ. 1981ರಲ್ಲಿ ವಾಯುಮಾಲಿನ್ಯ ನಿವಾರಣೆಯ ಕಾನೂನು ಬಂತು. 2009ರಲ್ಲಿ ಈ ಸೂಕ್ಷ್ಮಕಣಗಳಿಗೆ ವರುಷದ ಸರಾಸರಿ ಘನಮೀಟರಿಗೆ 40 ಮೈಕ್ರೋಗ್ರಾಮೆಂಬ ಮಿತಿಯನ್ನು ನಮ್ಮ ದೇಶವು ಗೊತ್ತುಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಹೇಳಿದ್ದು 5. ಗಾಳಿಯನ್ನು ಶುದ್ಧಗೊಳಿಸಲು 2019ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯಲ್ಲಿ ನಮ್ಮ ರಾಜ್ಯದಿಂದ ಬೆಂಗಳೂರು, ದಾವಣಗೆರೆ, ಕಲಬುರಗಿ, ಹುಬ್ಬಳ್ಳಿ-ಧಾರವಾಡಗಳು ಸೇರಿದವು. ಪಟ್ಟಣಗಳ ಯಾದಿ ಅಗತ್ಯವೇ; ಆದರೆ ಗಾಳಿಗೆ ನಗರಸಭೆಯ ಎಲ್ಲೆ ಗೊತ್ತಿಲ್ಲ. ಹುಬ್ಬಳ್ಳಿಗೆ ಪಶ್ಚಿಮದಲ್ಲಿ ಘಟ್ಟ, ಘಟ್ಟದ ಕೆಳಗೆ ನಾವು. ಹೊಳೆಯ ವಿಷಯದಲ್ಲಿ ಮೇಲಿನ ದಂಡೆಯವರ ಮೇಲೆ ಕೆಳಗಿನ ದಂಡೆಯವರಿಗೆ ಒಂದು ಹಕ್ಕುಂಟೆಂದು ಎಲ್ಲರೂ ಬಲ್ಲರು. ಗಾಳಿಗೂ ಮೇಲ್ದಂಡೆ ಕೆಳದಂಡೆಗಳುಂಟು. 2021ರಲ್ಲಿ ದಿಲ್ಲಿಗೂ ಅದರ ನೆರೆಯ ಸೀಮೆಗಳಿಗೂ ಕೂಡಿ ಒಂದು ಆಯೋಗವನ್ನು ಕಾನೂನಿನಿಂದಲೇ ನೆಲೆಗೊಳಿಸಿದ್ದು ಈ ತಿಳುವಳಿಕೆಯ ಫಲ. ಉಳಿದ ಸೀಮೆಗಳಿಗೂ ಇದು ಬರತಕ್ಕದ್ದು.

ಅಂಕೋಲೆಯ ಹೆಸರು ನಾಡಿಗೆಲ್ಲ ತಿಳಿದದ್ದು 1930ರ ಉಪ್ಪಿನ ಸತ್ಯಾಗ್ರಹದಿಂದ. ಕಡಲು ಕೊಟ್ಟದ್ದು ಎಲ್ಲರದು, ಅದನ್ನು ತೆಗೆದುಕೊಳ್ಳಲು ದೊರೆಯ ಅಪ್ಪಣೆ ಬೇಡ ಎಂದು ನಮ್ಮ ಹಿರಿಯರು ಸೆರೆಮನೆಗೆ ಹೋದರು. ಎಲ್ಲರದರಿಂದ ತೆಗೆದುಕೊಳ್ಳುವ ಹಕ್ಕನ್ನು ಅವರು ಗಳಿಸಿಕೊಟ್ಟರು. ಎಲ್ಲರದರೊಳಗೆ ಏನನ್ನು ಹಾಕಬಾರದೆಂಬ ಕರ್ತವ್ಯವು ಅದರ ಮರುಮಗ್ಗುಲು; ಅದನ್ನು ನಾವು ಇನ್ನೂ ಕಲಿಯಬೇಕಾಗಿದೆ. ಉಪ್ಪಿಗೆ ವಿರೋಧಿಯು ಹೊರಗಿದ್ದನು. ಹೊಗೆಗೆ ಅವನು ಬಹುಮಟ್ಟಿಗೆ ನಮ್ಮ ಮನೆಯೊಳಗೇ ಇದ್ದಾನೆ. ಆದುದರಿಂದ ಈ ಸತ್ಯಾಗ್ರಹವು ಕಠಿನವಾದುದು.

ನನ್ನ ಮಟ್ಟಿಗೆ ಹೇಳುವದಾದರೆ, ತರಗೆಲೆಗಳು ಈಗ ತೆಂಗಿನ ಬುಡದ ಗುಂಡಿಯಲ್ಲಿ ಗೊಬ್ಬರವಾಗುತ್ತವೆ, ಪ್ಲಾಸ್ಟಿಕನ್ನು ಸುಡುವದಿಲ್ಲ, ಬಿಸಿಲಿರುವ ತಿಂಗಳುಗಳಲ್ಲಿ ಬಿಸಿಲೇ ನೀರು ಕಾಸುತ್ತದೆ. ಮಳೆಗಾಲದಲ್ಲಿ ಬಚ್ಚಲೊಲೆ ಇನ್ನೂ ಉರಿಯುತ್ತದೆ. ಅದನ್ನು ಮುಚ್ಚಿಟ್ಟು ಹೇಳಲಾರೆ. ಹುಡುಗನ ಉಬ್ಬಸವು ನನ್ನ ಒಂದು ಬೆಂಕಿಯಿಂದ ಬಂದುದಲ್ಲ, ನಾನು ಬಿಟ್ಟುದರಿಂದ ಹೋಗಲೂ ಇಲ್ಲ. ಆ ವೃದ್ಧೆಯು ಮೊದಲಿನಂತೆ ಬರುತ್ತಾಳೆ. ಹೊಗೆಯ ಮಾತನ್ನು ಮತ್ತೆ ಎತ್ತಿಲ್ಲ. ಎತ್ತಿಲ್ಲವೆಂದು ಋಣವು ತೀರಿತೆಂದುಕೊಳ್ಳುವ ಧೈರ್ಯ ನನಗಿಲ್ಲ. ವಾಚಕರು ನಾಳೆ ಬೆಳಿಗ್ಗೆ ಅಂಗಳದಲ್ಲಿ ಕಡ್ಡಿ ಗೀರುವ ಮುನ್ನ ಗಾಳಿಯು ಯಾವ ಕಡೆಗೆ ಬೀಸುತ್ತಿದೆ, ಆ ಕಡೆಗೆ ಯಾರ ಮನೆಯಿದೆ ಎಂದು ಒಮ್ಮೆ ನೋಡುವದಾದರೆ ಈ ಲೇಖನವು ಸಾರ್ಥಕವಾದಂತೆಯೇ.