ಹದ್ದಿನ ಜಾಗ, ತಾತನ ಜಾಗ

ಕಿರುಗಾವಲಿನ ಸೈಯದ್ ಘನಿ ಖಾನ್ ಅವರು ಸಾವಿರಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದಿರುವುದು ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಟಿಪ್ಪು ಕಾಲದ್ದು ಅನ್ನುವ ಮಾವಿನ ತೋಪು, ಗದ್ದೆ, ಗದ್ದೆ ತುಂಬ ಪಟ್ಟಿಪಟ್ಟಿಯಾಗಿ ನಿಂತ ಭತ್ತ. ಒಂದು ಮೊಣಕಾಲೆತ್ತರ, ಇನ್ನೊಂದು ಎದೆಯೆತ್ತರ. ಒಂದರ ತೆನೆ ಕಪ್ಪು, ಒಂದರದು ಹೊಂಬಣ್ಣ. ನೋಡೋಕೆ ದೂರದಿಂದ ಜನ ಬರುತ್ತಾರೆ. ಒಂದು ಸಲ ನಾನೂ ಹೋಗಿದ್ದೆ. ಬದುವಿನ ಮೇಲೆ ನಮ್ಮ ಹಾಗೇ ನೋಡೋಕೆ ಬಂದಿದ್ದ ಒಬ್ಬ ಹಿರಿಯರು ಅಂದರು: 'ನೋಡಿ, ನಿಸರ್ಗದಲ್ಲಿ ಒಂದೊಂದಕ್ಕೂ ಒಂದೊಂದು ಜಾಗ, ಒಂದೊಂದು ಕೆಲಸ. ನಮ್ಮ ಹಳ್ಳೀಲೂ ಹಿಂಗೇ ಇತ್ತು. ಕುಂಬಾರ, ಕಮ್ಮಾರ, ಅಗಸ, ಹೊಲೆಯ, ಎಲ್ಲರಿಗೂ ಅವರವರ ಜಾಗ. ಆ ಸಮತೋಲನ ಕೆಟ್ಟುಹೋಯ್ತು.' ಸುತ್ತ ಇದ್ದವರು ತಲೆ ಆಡಿಸಿದರು. ನಾನೂ ಆಡಿಸಿಬಿಟ್ಟೆನೇನೋ ಅನ್ನುವ ಅನುಮಾನ ಇವತ್ತಿಗೂ ಹೋಗಿಲ್ಲ.

ಯಾಕೆಂದರೆ ಈ ಮಾತನ್ನ ನಾವೆಲ್ಲ ಶಾಲೇಲೇ ಕಲಿತಿದ್ದೀವಿ. ಹಸಿರು ಗಿಡ ಅನ್ನ ತಯಾರಿಸುತ್ತೆ, ಮಿಡತೆ ಗಿಡ ತಿನ್ನುತ್ತೆ, ಕಪ್ಪೆ ಮಿಡತೆಯನ್ನ, ಹಾವು ಕಪ್ಪೆಯನ್ನ. ಸತ್ತದ್ದನ್ನ ಹದ್ದು ತಿಂದು ಚೊಕ್ಕಟ ಮಾಡುತ್ತೆ. ಉಳಿದದ್ದನ್ನ ಹುಳ, ಸೂಕ್ಷ್ಮಜೀವಿಗಳು ಮಣ್ಣು ಮಾಡುತ್ತವೆ. ಆ ಮಣ್ಣಲ್ಲಿ ಮತ್ತೆ ಗಿಡ. ನಿಜವಾದ ಪಾಠ, ಒಳ್ಳೇ ಪಾಠ. ಮೇಷ್ಟ್ರು ಕರೀ ಹಲಗೆ ಮೇಲೆ ಬಾಣದ ಗುರುತು ಹಾಕಿ ಹದ್ದಿನ ಚಿತ್ರ ಬರೆದಾಗ ಹಿಂದಿನ ಸಾಲಿನಿಂದ ಯಾರೋ ನನ್ನ ಕಡೆ ನೋಡಿ ನಕ್ಕರು. ನಮ್ಮ ತಾತ ಊರ ಸತ್ತ ದನ ಎಳೆಯುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಪಾಠಕ್ಕೂ ನಗುವಿಗೂ ನಡುವೆ ಗೆರೆ ಎಲ್ಲಿದೆ ಅಂತ ಅವತ್ತು ನನಗೆ ಹೇಳೋಕೆ ಬರಲಿಲ್ಲ.

ಈ ಹೋಲಿಕೆ ಬರೀ ಬದುವಿನ ಮೇಲಿನ ಮಾತೂ ಅಲ್ಲ. 1983ರಲ್ಲಿ ಮಾಧವ ಗಾಡ್ಗೀಳ್ ಮತ್ತು ಕೈಲಾಶ್ ಮಲ್ಹೋತ್ರಾ ಜಾತಿ ವ್ಯವಸ್ಥೆಯನ್ನ ಜೀವಿ-ಪರಿಸರದ ಕಣ್ಣಿಂದ ನೋಡಿ ಒಂದು ಲೇಖನ ಬರೆದರು. ಒಂದೇ ಸೀಮೆಯ ಬೇರೆ ಬೇರೆ ಜಾತಿಗಳು ನಿಸರ್ಗದ ಬೇರೆ ಬೇರೆ ಪಾಲನ್ನು ಬಳಸುತ್ತಿದ್ದುದರಿಂದ ಪೈಪೋಟಿ ಕಡಿಮೆಯಾಯಿತು, ಸಂಪತ್ತು ಹಾಳಾಗದೆ ಉಳಿಯಿತು ಅನ್ನೋದು ಅವರ ವಾದ. ಪಶ್ಚಿಮ ಮಹಾರಾಷ್ಟ್ರದ ಅಲೆಮಾರಿಗಳ ಉದಾಹರಣೆ ಕೊಡುತ್ತಾರೆ: ಫಾಸೆಪಾರ್ಧಿಗಳು ಉರುಳು ಹಾಕಿ ಜಿಂಕೆ, ಹಕ್ಕಿ ಹಿಡಿದರೆ, ನಂದಿವಾಲರು ನಾಯಿ ಕಟ್ಟಿಕೊಂಡು ಕಾಡುಹಂದಿ, ಮುಳ್ಳುಹಂದಿ ಬೇಟೆಯಾಡುತ್ತಿದ್ದರು. ಪಶ್ಚಿಮಘಟ್ಟದ ಉಳಿವಿಗಾಗಿ 2011ರಲ್ಲಿ ವರದಿ ಕೊಟ್ಟ ಗಾಡ್ಗೀಳರನ್ನ ಪುರೋಹಿತಶಾಹಿ ಅಂತ ಬೈಯೋಕೆ ನಾನು ತಯಾರಿಲ್ಲ. ಅವರು ಕಂಡದ್ದು ಕಂಡದ್ದೇ. ಆದರೆ ಯಾರು ಏನು ತಿಂದರು, ಏನು ಹಿಡಿದರು ಅಂತ ಎಣಿಸಿದ ಮಾತ್ರಕ್ಕೆ ಅವರು ಆ ಜಾಗಕ್ಕೆ ಹೇಗೆ ಬಂದರು ಅನ್ನೋದು ಗೊತ್ತಾಗೋದಿಲ್ಲ.

ಕಾಲೇಜಲ್ಲಿ ಓದುವಾಗ ತಾತನ ಮೇಲೆ ಒಂದು ಪದ್ಯ ಬರೆದೆ. ತಾತನನ್ನ ರಣಹದ್ದಿಗೆ ಹೋಲಿಸಿದ್ದೆ, ಬಹಳ ಸಿಟ್ಟಿನ ಪದ್ಯ ಅಂತ ಗೆಳೆಯರು ಬೆನ್ನು ತಟ್ಟಿದ್ದರು. ಊರಿಗೆ ಬಂದು ತಾತನಿಗೇ ಓದಿ ಹೇಳಿದೆ. ಎಲೆ ಅಡಿಕೆ ಅಗಿಯುತ್ತಾ ಕೇಳಿ, 'ನನ್ನ ಹದ್ದು ಅನ್ಬ್ಯಾಡ ಮೊಗ' ಅಂದ. 'ಹದ್ದ ಯಾರೂ ಕರಿಯಾಕಿಲ್ಲ. ಅದು ತಾನೇ ಬತ್ತದೆ. ನನ್ನ ಕರುದ್ರು. ರಾತ್ರಿ ಜರ ಬಂದು ಮನೀಗಿದ್ರೂ ಬಾಗ್ಲಲ್ಲಿ ನಿಂತ್ಕಂಡು ಕರುದ್ರು.'

ಪದ್ಯವನ್ನ ಹರಿದು ಹಾಕಿದೆ.

ಹದ್ದಿನ ಕತ್ತು ಬೋಳು, ಹೆಣದೊಳಗೆ ತಲೆ ಹಾಕಿದರೂ ರಕ್ತ ಗರಿಗೆ ಅಂಟದ ಹಾಗೆ. ಅದರ ಹೊಟ್ಟೆಯ ಆಮ್ಲ ಕೊಳೆತ ಮಾಂಸದ ರೋಗಾಣುಗಳನ್ನು ಕೊಲ್ಲುವಷ್ಟು ಕಟುವಾದದ್ದು. ಅದರ ಜಾಗ ಅದರ ಮೈಯಲ್ಲೇ ಬರೆದಿದೆ. ತಾತನ ಮೈಯಲ್ಲಿ ಏನು ಬರೆದಿತ್ತು? ಊರ ಯಜಮಾನರ ಹೊಟ್ಟೆಯಂಥದೇ ಹೊಟ್ಟೆ, ಅವರಂಥದೇ ಮೂಗು. ನಾತ ಅವರಿಗೆ ಎಷ್ಟು ಬಡಿಯುತ್ತಿತ್ತೋ ತಾತನಿಗೂ ಅಷ್ಟೇ. ಸುಗ್ಗೀಲಿ ಕಣದ ಅಂಚಿನಲ್ಲಿ ನಿಂತರೆ ಸಿಗುತ್ತಿದ್ದ ಒಂದು ಮೊರ ಭತ್ತಕ್ಕೆ ಆ ಮೂಗು ಮುಚ್ಚಿಕೊಂಡು ಹೋಗುತ್ತಿದ್ದ.

ಅದೇ ಸೀಮೆಯ ಇನ್ನೊಂದು ಸಂಗತಿ ನೋಡಿ. ರಾಗಿಯೇ ಹೆಚ್ಚು ಕಾಣುತ್ತಿದ್ದ ಮಂಡ್ಯದ ಬಯಲಿಗೆ 1930ರ ದಶಕದಲ್ಲಿ ಕನ್ನಂಬಾಡಿ ಕಟ್ಟೆಯ ನೀರು ಬಂತು. ಗುಡ್ಡ ಕೊರೆದು ಹುಲಿಕೆರೆಯಲ್ಲಿ ಸುರಂಗ ಮಾಡಿ ನಾಲೆ ಹರಿಸಿದರು. ಭತ್ತ ಬಂತು, ಕಬ್ಬು ಬಂತು, 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಂಪನಿ ಬಂತು. ಹೊಳೆಯ ಜಾಗ ಬದಲಾಯಿತು, ಬೆಳೆಯ ಜಾಗ ಬದಲಾಯಿತು, ನೀರಿನ ಜೊತೆ ಕಪ್ಪೆ, ಏಡಿ, ಕೊಕ್ಕರೆ ಜಾಗ ಬದಲಿಸಿ ಬಂದವು. ಇಷ್ಟನ್ನೂ ಅಲ್ಲಾಡಿಸಿದ ಮನುಷ್ಯ, ಕೇರಿಯ ಜಾಗಕ್ಕೆ ಬಂದಾಗ ಮಾತ್ರ ನಿಸರ್ಗ ಅಂತಾನೆ.

ತಾತ ಹೇಳಿದ ಇನ್ನೊಂದು ಮಾತು. ಅವನ ಕಾಲದಲ್ಲಿ ದನ ಎಳೆದುಹಾಕಿ ಚರ್ಮ ಸುಲಿದು ಈಚೆ ಬರೋದರೊಳಗೆ ಆಕಾಶದಲ್ಲಿ ಚುಕ್ಕೆ ಚುಕ್ಕೆ ಕಾಣುತ್ತಿದ್ದವು. ಇಳಿದವು ಅಂದರೆ ಹೊತ್ತು ಇಳಿಯೋದರೊಳಗೆ ಬರೀ ಮೂಳೆ. ಆಮೇಲೆ ಹದ್ದುಗಳು ಊರ ಕೆರೆಯಂಚಿಗೆ ಹೋಗಿ ರೆಕ್ಕೆ ಬಡಿದು ಮಿಂದು, ಬಿಸಿಲಿಗೆ ರೆಕ್ಕೆ ಹರವಿಕೊಂಡು ಕೂತಿರುತ್ತಿದ್ದವು. ಯಾರೂ ಕೆರೆ ಮೈಲಿಗೆ ಆಯ್ತು ಅನ್ನಲಿಲ್ಲ. ಅದೇ ದನ ಎಳೆದ ತಾತ ಆ ಕೆರೇಲಿ ಕೈ ತೊಳೆಯೋ ಹಾಗಿರಲಿಲ್ಲ. ಸಮತೋಲನದ ಮಾತಾಡಿದ ಆ ಹಿರಿಯರಿಗೆ ನಾನು ಅವತ್ತೇ ಈ ಕೆರೆಯನ್ನ ತೋರಿಸಬೇಕಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗೆ ಜನರನ್ನ ಕರೆದುಕೊಂಡು ಹೋಗಿ ಬೊಗಸೆ ನೀರು ಕುಡಿದದ್ದು ಇದಕ್ಕೇ. ದನ, ನಾಯಿ ಕುಡಿಯೋ ನೀರು ಮನುಷ್ಯನಿಗೆ ನಿಷೇಧ ಅಂದರೆ ಅದು ಯಾವ ನಿಸರ್ಗದ ನಿಯಮ? ಅದೇ ಮಹಾಡಿನಲ್ಲಿ ಸತ್ತ ದನದ ಮಾಂಸ ಬಿಡಿ ಅಂತಲೂ ಕರೆ ಕೊಟ್ಟರು.

ಬಿಡೋಕಾಗುತ್ತೆ ಅನ್ನೋದರಲ್ಲೇ ಎಲ್ಲ ಇದೆ, ಗೆಳೆಯರೇ. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ನಮ್ಮ ಹುಡುಗರನ್ನ ಕಟ್ಟಿ ಹೊಡೆದರು. ಆಮೇಲೆ ಅಲ್ಲಿಯ ದಲಿತರು ಸತ್ತ ದನ ಎತ್ತೋದಿಲ್ಲ ಅಂದರು. ಸುರೇಂದ್ರನಗರದಲ್ಲಿ ಹೆಣಗಳನ್ನ ತಂದು ಸರ್ಕಾರಿ ಕಚೇರಿ ಮುಂದೆ ಸುರಿದರು. ಯಾವ ಹದ್ದೂ ಇನ್ನುಮುಂದೆ ತಿನ್ನೋಲ್ಲ ಅಂತ ಮುಷ್ಕರ ಹೂಡಲಾರದು.

ಹದ್ದು ಹೂಡದ ಮುಷ್ಕರವನ್ನ ಒಂದು ಔಷಧಿ ಹೂಡಿಸಿತು. 1990ರ ದಶಕದಲ್ಲಿ ದೇಶದ ಹದ್ದುಗಳು ಸಾಲುಸಾಲಾಗಿ ಸಾಯತೊಡಗಿದವು. ಮೂರು ಜಾತಿಯ ಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೋದವು. ಕಾರಣ ಖಚಿತವಾದದ್ದು 2004ರಲ್ಲಿ: ದನಗಳಿಗೆ ನೋವು, ಬಾವು ಇಳಿಯಲಿ ಅಂತ ಕೊಡುತ್ತಿದ್ದ ಡೈಕ್ಲೋಫೆನಾಕ್. ಆ ಔಷಧಿ ಇದ್ದ ಹೆಣ ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ, ಕೆಲವೇ ದಿನದಲ್ಲಿ ಸಾವು. ದನಕ್ಕೆ ಅದನ್ನ ಕೊಡಬಾರದು ಅಂತ 2006ರಲ್ಲಿ ಸರ್ಕಾರ ನಿಷೇಧಿಸಿತು. ವರ್ಷಕ್ಕೆ ಒಂದೇ ಮೊಟ್ಟೆ ಇಡೋ ಹಕ್ಕಿ; ಸುಲಭಕ್ಕೆ ಚೇತರಿಸಿಕೊಳ್ಳೋದಿಲ್ಲ. ನಮಗೆ ಹತ್ತಿರದಲ್ಲಿ ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದ ಕೆಲವಕ್ಕಾಗಿ 2012ರಲ್ಲಿ ಅಭಯಧಾಮ ಮಾಡಿದರು. ಹದ್ದಿನ ಪಾಲಿನ ಹೆಣ ನಾಯಿಗಳ ಪಾಲಾಯಿತು, ನಾಯಿಗಳು ಹೆಚ್ಚಿದವು.

ಹಾಗಾದರೆ ನಾನು ಹದ್ದು ಬರಲಿ ಅನ್ನಬೇಕೋ ಬೇಡವೋ? ಹದ್ದು ಬರಲಿ. ಅದು ತಾತನ ಕೆಲಸವನ್ನ ಅರ್ಧ ಮಾಡಿದ ಜೀವ. 'ಅವು ಇದ್ದಾಗ ನಾತ ಕೇರಿಗೆ ಬತ್ತಿರ್ಲಿಲ್ಲ' ಅಂತ ತಾತ ಈಗಲೂ ನೆನೆಸಿಕೊಳ್ಳುತ್ತಾನೆ. ದನ ಸುರಿಯೋ ಜಾಗ ಕೇರಿಯ ಮಗ್ಗುಲಲ್ಲೇ ಇತ್ತು ಅನ್ನೋದನ್ನ ಬೇರೆ ಹೇಳಬೇಕಿಲ್ಲ. ಹದ್ದನ್ನ ಉಳಿಸಬೇಕು ಅನ್ನೋ ಜನ ಆ ಜಾಗವನ್ನೂ ಒಂದು ಸಲ ನೋಡಿದರೆ ಸಾಕು.

ಕಳೆದ ಮಳೆಗಾಲದಲ್ಲಿ ಊರಲ್ಲಿ ಒಂದು ಎತ್ತು ಸತ್ತಿತು. ಈಗ ಬಾಗಿಲಿಗೆ ಬಂದು ಕರೆಯೋದಿಲ್ಲ, ನಮ್ಮ ಚಿಕ್ಕಪ್ಪನಿಗೆ ಫೋನು ಬಂತು. 'ನಾವು ಬರಾಕಿಲ್ಲ ಬುಡಿ' ಅಂದ. ಎರಡು ದಿನ ಎತ್ತು ಕೊಟ್ಟಿಗೆ ಹಿಂದೆ ಬಿದ್ದಿತ್ತು, ನಾಯಿಗಳು ಸುತ್ತ ಕೂತಿದ್ದವು. ಮೂರನೇ ದಿನ ಮನೆಯ ಗಂಡುಮಕ್ಕಳೇ ಮೂಗಿಗೆ ಟವೆಲ್ ಕಟ್ಟಿಕೊಂಡು ಗುಂಡಿ ತೋಡಿ ಹೂತರು. ನಾನು ಗೆದ್ದವನ ಹಾಗೆ ತಾತನಿಗೆ ಹೇಳಿದೆ.

ತಾತ ಒಂದು ಗಳಿಗೆ ಸುಮ್ಮನಿದ್ದು, 'ಎಷ್ಟಾಳ ತೋಡುದ್ರಂತೆ?' ಅಂದ. 'ಆಳುದ್ದ ತೋಡ್ದೇ ಇದ್ರೆ ನಾಯಿ ಕೆರೀತವೆ. ಮ್ಯಾಲೆ ಮುಳ್ಳು ಹಾಕಕ್ಕೇಳು.'