ನೀರಿಗೆ ಯಾವುದರಲ್ಲಿ ಸ್ನಾನ?

ಸುಬ್ರಹ್ಮಣ್ಯಪುರದಲ್ಲಿ ಪೌರೋಹಿತ್ಯ ಮಾಡಿಕೊಂಡಿರುವ ನನ್ನನ್ನು ಜನ ಕೇಳುವುದು ಮುಹೂರ್ತ, ನಕ್ಷತ್ರ, ಸೂತಕದ ಲೆಕ್ಕ. ಮೊನ್ನೆ ಒಂದು ಗೃಹಪ್ರವೇಶದಲ್ಲಿ, ಸೈನ್ಯದಿಂದ ನಿವೃತ್ತರಾದ ಯಜಮಾನರು ಬೇರೆಯೇ ಕೇಳಿದರು: "ಶಾಸ್ತ್ರಿಗಳೇ, ಮೈಲಿಗೆ ಆದ್ರೆ ನಾವು ಸ್ನಾನ ಮಾಡ್ತೀವಿ. ನೀರೇ ಮೈಲಿಗೆ ಆದ್ರೆ ಅದಕ್ಕೆ ಯಾವುದರಲ್ಲಿ ಸ್ನಾನ?"

ಅವರ ಮನಸ್ಸಿನಲ್ಲಿದ್ದದ್ದು ಬೆಂಗಳೂರಿನ ಬೆಳ್ಳಂದೂರು ಕೆರೆ. ಸೈನ್ಯದ ಸರಬರಾಜು ದಳದ (ಎಎಸ್‌ಸಿ) ತರಬೇತಿ ಕೇಂದ್ರದ ಜಾಗ ಅದರ ಪಕ್ಕದಲ್ಲೇ ಇದೆ. 2018ರ ಜನವರಿ 19ರಂದು ಕೆರೆಗೆ ಬೆಂಕಿ ಬಿದ್ದಾಗ ಸುಮಾರು 5,000 ಸೈನಿಕರು ಆರಿಸಲು ಇಳಿದರು. ದೇಶ ಕಾಯಲು ಬಂದ ಹುಡುಗರು ಊರಿನ ಕೊಳಚೆ ಉಂಡು ಬೆಳೆದ ಹುಲ್ಲಿನ ಬೆಂಕಿಗೆ ನೀರು ಹೊಯ್ದರು.

ಬಾವಿಯ ಮೈಲಿಗೆಗೆ ವಿಷ್ಣುಸ್ಮೃತಿಯಲ್ಲಿ ವಿಧಿಯಿದೆ. ಪ್ರಾಣಿ ಸತ್ತುಬಿದ್ದರೆ ನೀರನ್ನೆಲ್ಲ ಸೇದಿ ಹೊರಹಾಕಬೇಕು, ತಳದಲ್ಲಿ ಉಳಿದದ್ದನ್ನು ಬಟ್ಟೆಯಿಂದ ಒರೆಸಿ ತೆಗೆಯಬೇಕು. ಹೊಸ ನೀರು ಒಸರಿದ ಮೇಲೆ ಪಂಚಗವ್ಯ. ಈ ಕ್ರಮ ನನಗೆ ಬಹಳ ಮುಖ್ಯ. ಮೊದಲು ಹಗ್ಗ, ಕೊಡ, ರಟ್ಟೆ, ಪಂಚಗವ್ಯ ಕೊನೆಗೆ. ಆದರೆ ಅದೇ ಗ್ರಂಥ ದೊಡ್ಡ ಕೆರೆಗಳಿಗೆ ಮೈಲಿಗೆಯಿಲ್ಲ ಎನ್ನುತ್ತದೆ. ಸತ್ತ ನಾಯಿಯನ್ನು ಕೆರೆ ಅರಗಿಸಿಕೊಂಡೀತು. ಲಕ್ಷಾಂತರ ಮನೆಗಳ ಸೋಪಿನ ಪುಡಿಯ ರಂಜಕವನ್ನು ಹೇಗೆ ಅರಗಿಸಿಕೊಳ್ಳಬೇಕು? ಇಲ್ಲಿ ನಾನು ಶಾಸ್ತ್ರದ ಮಾತು ಒಪ್ಪುವುದಿಲ್ಲ.

ನೀರಿನ ಮೈಲಿಗೆ ಸೈನಿಕರನ್ನು ಮುಟ್ಟಿದ್ದು ಇಲ್ಲಿ ಮಾತ್ರವಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಕ್ಯಾಂಪ್ ಲೆಜೂನ್ ಎಂಬ ನೌಕಾ ಪದಾತಿ ಸೈನಿಕರ ತರಬೇತಿ ನೆಲೆಯಿದೆ. 1953ರಿಂದ 1987ರವರೆಗೆ ಅಲ್ಲಿನ ಕುಡಿಯುವ ನೀರಿನಲ್ಲಿ ಗ್ರೀಸ್ ತೆಗೆಯುವ, ಬಟ್ಟೆ ಡ್ರೈಕ್ಲೀನ್ ಮಾಡುವ ದ್ರಾವಕಗಳು ಬೆರೆತಿದ್ದವು. ಸೋರುವ ಟ್ಯಾಂಕುಗಳಿಂದ, ನೆರೆಯ ಡ್ರೈಕ್ಲೀನಿಂಗ್ ಅಂಗಡಿಯಿಂದ ಅವು ನೆಲಕ್ಕಿಳಿದಿದ್ದವು. ಕುಡಿದವರು ಸೈನಿಕರು, ಅವರ ಬಸುರಿ ಹೆಂಡಂದಿರು, ಮಕ್ಕಳು. ಪರಿಹಾರಕ್ಕಾಗಿ ಅವರು ನ್ಯಾಯಾಲಯಕ್ಕೆ ಹೋಗಲು ದಾರಿ ಮಾಡಿಕೊಟ್ಟ ಕಾನೂನು ಬಂದದ್ದು 2022ರಲ್ಲಿ.

ಮಾಡಿದವನೇ ಉಣ್ಣುತ್ತಾನೆ ಎಂದು ಕರ್ಮಸಿದ್ಧಾಂತ ಹೇಳುತ್ತದೆ. ಇಲ್ಲಿ ಚೆಲ್ಲಿದವನು ಯಾರೋ, ಉಂಡದ್ದು ಹೊಟ್ಟೆಯೊಳಗಿನ ಕೂಸು. ಅದು ಕೂಸಿನ ಪೂರ್ವಕರ್ಮ ಎಂದು ತಾಯಿಯ ಮುಂದೆ ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಹಾಗೆ ಹೇಳುವುದು ಪಾಪಿಯನ್ನು ಬಚ್ಚಿಡುವ ಕೆಲಸ. ಸರ್ಕಾರ, ಸೈನ್ಯ, ನಗರಪಾಲಿಕೆ ಇವಕ್ಕೆ ಜನ್ಮಾಂತರವಿಲ್ಲ. ಅವುಗಳ ಪಾಪ ಇಲ್ಲೇ, ಈಗಲೇ ತೀರಬೇಕು.

ದಂಡದಿಂದ ತೀರುತ್ತದೆಯೇ? ಬೆಳ್ಳಂದೂರಿನ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2018ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ ಕಟ್ಟಲು ಹೇಳಿತು. ಅದು ನಮ್ಮ ತೆರಿಗೆಯದೇ ದುಡ್ಡು. ಬಾವಿಯ ವಿಧಿಯಲ್ಲಿ ದಕ್ಷಿಣೆ ಕೊಟ್ಟವನಿಗೆ ನೀರು ಸೇದುವುದರಿಂದ ವಿನಾಯಿತಿ ಇಲ್ಲ.

ಯಜಮಾನರಿಗೆ ಇಷ್ಟನ್ನೇ ಹೇಳಿದೆ. ನಮ್ಮ ಸುಬ್ರಹ್ಮಣ್ಯಪುರ ಕೆರೆಗೂ ಕೊಳಚೆ ಸೇರುತ್ತದೆ. ಅದಕ್ಕೆ ಬಾಗಿನ ಕೊಡಿಸಬೇಕೆಂದು ಬರುವವರಲ್ಲಿ ನನ್ನ ವಿನಂತಿ: ಮೊದಲು ಆ ಮೋರಿ ತಿರುಗಿಸಿ, ಹೂಳು ತೆಗೆಸಿ. ಆಮೇಲೆ ಕರೆಯಿರಿ, ದಕ್ಷಿಣೆಯಿಲ್ಲದೆ ಬಂದು ಪೂಜೆ ಮಾಡಿಕೊಡುತ್ತೇನೆ.